ಕೇಳಿದಾಗಷ್ಟೇ ಹೇಳುವ ಪೆಟ್ಟಿಗೆ

ಪರಶುರಾಮನ ಮಾನ ಬಸ್ ಸ್ಟ್ಯಾಂಡಿನಲ್ಲಿ ಹರಾಜಾಗಲು ಕಾರಣವಾದದ್ದು ಒಂದೇ ಒಂದು ಸಾಲು. ಅದನ್ನು ಬರೆದವನೂ ಅವನೇ. ಬರೆದ ದಿನ ಖುಷಿಯಲ್ಲಿ ಮಿರ್ಚಿ ಮಂಡಕ್ಕಿ ಒಂದು ಪ್ಲೇಟು ಹೆಚ್ಚಿಗೆ ತಿಂದಿದ್ದ.

ಚನ್ನಗಿರಿಯ ಖಾಸಗಿ ಬಸ್ ಸ್ಟ್ಯಾಂಡಿನಲ್ಲಿ ನಲವತ್ತೈದು ವರ್ಷ ಬಸ್ಸುಗಳ ಹೆಸರು ಕೂಗಿದವನು ಬೆನಕಪ್ಪ. ಮೊದಮೊದಲು ಬರೀ ಬಾಯಲ್ಲಿ, ಆಮೇಲೆ ಮೈಕಿನಲ್ಲಿ. ಅವನು "ಹೊನ್ನಾಳೀ" ಎಂದು ಎಳೆದರೆ ಬಸವನ ಹಾಗೆ ಮಲಗಿದ್ದವರೂ ಎದ್ದು ಚೀಲ ಹುಡುಕುತ್ತಿದ್ದರು. ತ್ಯಾವಣಿಗೆಯಿಂದ ಓದಲು ಬರುತ್ತಿದ್ದ ಪರಶುರಾಮ ಹೈಸ್ಕೂಲಿನ ಮೂರು ವರ್ಷವೂ ಸಂಜೆಯ ಬಸ್ಸಿಗೆ ಕಾಯುತ್ತ ಈ ಕೂಗಿನಲ್ಲೇ ಭೂಗೋಳ ಕಲಿತವನು. ಪರೀಕ್ಷೆಯಲ್ಲಿ ನದಿಗಳ ಹೆಸರು ಕೈಕೊಡುತ್ತಿದ್ದವು. ಜಗಳೂರಿನ ದಾರಿಯ ಊರುಗಳು ಮಾತ್ರ ಇವತ್ತಿಗೂ ನಾಲಿಗೆ ತುದಿಯಲ್ಲಿವೆ.

ಈಗ ಅವನಿಗೆ ಮೂವತ್ತೊಂಬತ್ತು. ಡಿಪ್ಲೊಮಾ ಓದಿ, ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ತೂಕದ ಯಂತ್ರ, ಡಿಜಿಟಲ್ ಬೋರ್ಡು ರಿಪೇರಿ ಮಾಡುವ ಅಂಗಡಿ ಇಟ್ಟಿದ್ದ. ಯುಗಾದಿ ಕಳೆದ ಮೇಲೆ ಬೆನಕಪ್ಪ, "ಇನ್ನು ನನ್ನಿಂದ ಕೂಗಾಕೆ ಆಗಲ್ಲ" ಎಂದು ಕೈಮುಗಿದಾಗ, ಮಾಲೀಕರ ಸಂಘದ ಅಧ್ಯಕ್ಷ ದುರುಗಣ್ಣನ ಮುಂದೆ ಹೋಗಿ ನಿಂತವನು ಪರಶುರಾಮ. ಅಜ್ಜನ ದನಿಯನ್ನೇ ಒಂದು ಪೆಟ್ಟಿಗೆಯಲ್ಲಿ ಹಿಡಿದಿಡುತ್ತೇನೆ, ಕಂಡಕ್ಟರು ಬಂದು ತನ್ನ ಬಸ್ಸಿನ ಗುಂಡಿ ಒತ್ತಿದರೆ ಸಾಕು, ಅಜ್ಜನೇ ಕೂಗಿದ ಹಾಗೆ ಕೂಗುತ್ತದೆ ಎಂದ. ಜೀವಮಾನವೆಲ್ಲ ಇನ್ನೊಬ್ಬರು ಮಾಡಿದ್ದನ್ನು ರಿಪೇರಿ ಮಾಡಿದವನಿಗೆ ತಾನೇ ಒಂದನ್ನು ಮಾಡುವ ಆಸೆ.

ಪೆಟ್ಟಿಗೆಯೊಳಗೆ, ಬರೆದುಕೊಟ್ಟ ಸಾಲಿನ ಪ್ರಕಾರ ನಡೆಯುವ ಒಂದು ಪುಟ್ಟ ಸ್ಕ್ರಿಪ್ಟ್ ಎಂಜಿನ್ ಕೂರಿಸಿದ್ದ. ಅದರ ಪಾಲಿಗೆ ಪ್ರತಿ ಬಸ್ಸೂ ಒಂದು ಆಬ್ಜೆಕ್ಟು, ಅಂದರೆ ಒಂದು ವಸ್ತು. ಆ ಬಸ್ಸಿನ ಊರು, ಹೊತ್ತು, ದನಿ ಇವೆಲ್ಲ ಅದರ ಪ್ರಾಪರ್ಟಿಗಳು, ಅಂದರೆ ಆ ವಸ್ತುವಿನ ಗುಣಗಳು. ಅರವತ್ತೆರಡು ಬಸ್ಸುಗಳ ದನಿಯನ್ನೂ ಮೊದಲೇ ಓದಿಕೊಳ್ಳಲು ಹೇಳಿದರೆ ಪೆಟ್ಟಿಗೆಗೆ ಹನ್ನೊಂದು ನಿಮಿಷ ಹಿಡಿಯುತ್ತಿತ್ತು. ಕರೆಂಟು ದಿನಕ್ಕೆ ನಾಲ್ಕು ಸಲ ಹೋಗಿಬರುವ ಊರಿನಲ್ಲಿ ಅಷ್ಟು ಹೊತ್ತು ಕಣ್ಣುಜ್ಜುತ್ತ ಕೂತರೆ ಮೂರು ಬಸ್ಸು ಹೊರಟೇ ಹೋಗುತ್ತವೆ. ಅದಕ್ಕೇ ಅವನು ಆ ಒಂದು ಸಾಲು ಬರೆದದ್ದು: ಯಾವುದನ್ನೂ ಮೊದಲೇ ತರಬೇಡ, ಕೇಳಿದಾಗ ತಾ, ಒಮ್ಮೆ ತಂದದ್ದನ್ನು ಇಟ್ಟುಕೋ, ಮತ್ತೆ ಹುಡುಕಲು ಹೋಗಬೇಡ.

ಪೆಟ್ಟಿಗೆಗೆ ಕಲಿಸಿದ ಪಾಠವನ್ನು ತಾನೂ ಪಾಲಿಸಿದ್ದೇ ತಪ್ಪಾಯಿತು. ಅಂಗಡಿಯ ಹಿಂದಿನ ಕೋಣೆಯ ಗೋಡೆಗೆ ಹೊರಗಿನ ಸದ್ದು ತಡೆಯಲು ಕೌದಿ ಕಟ್ಟಿ ಎಂಟು ದಿನ ಬೆನಕಪ್ಪನ ದನಿ ತುಂಬಿಸಿಕೊಂಡ. ಅಜ್ಜ ಕೂಗುವಾಗ ಇವನು ಎದುರು ಕೂತು ಪರದೆಯ ಮೇಲೆ ಏರಿಳಿಯುವ ಹಸಿರು ಗೆರೆ ನೋಡುತ್ತ ತಲೆಯಾಡಿಸುತ್ತಿದ್ದ. ದನಿ ಒಡೆದು ಗೆರೆ ಕೆಂಪಾಗದಿದ್ದರೆ ಆಯಿತು, ಮಾತಿನ ಕಡೆ ಗಮನವಿರಲಿಲ್ಲ. ಕೊನೆಗೆ ಪರೀಕ್ಷೆಗೆಂದು ದಾವಣಗೆರೆ ಬಸ್ಸೊಂದನ್ನು ಕೇಳಿ ನೋಡಿದ. ಸೊಗಸಾಗಿತ್ತು. ಉಳಿದ ಅರವತ್ತೊಂದನ್ನು ಕೇಳುವ ಗೋಜಿಗೆ ಹೋಗಲಿಲ್ಲ.

ಉದ್ಘಾಟನೆಯ ದಿನ ಬೆಳಿಗ್ಗೆ ಎಂಟಕ್ಕೇ, ಸ್ಟ್ಯಾಂಡಿನಲ್ಲಿ ಬೆನಕಪ್ಪನ ಮೈಕಿನ ಕೋಣೆಯಲ್ಲಿ ಕೂರಿಸಿದ್ದ ಪೆಟ್ಟಿಗೆಗೆ ಸೇವಂತಿಗೆ ಹಾರ ಬಿತ್ತು. ಅದರ ಗುಂಡಿಗಳು ಕೋಣೆಯ ಹೊರಗೋಡೆಯ ಮೇಲಿದ್ದವು. ದುರುಗಣ್ಣ ಕಾಯಿ ಒಡೆದು ಪರಶುರಾಮನ ಭುಜ ಹಿಡಿದ.

"ನೋಡಪಾ, ಸಂಜೆ ಆರೂ ಹತ್ತರ ನ್ಯಾಮತಿ ಬಸ್ಸಿನ ಹೊತ್ತಿಗೆ ನಮ್ಮ ನ್ಯಾಮತಿ ಬೀಗ್ರು ಬರ್ತಾರೆ. ಹೊನ್ನಾಳಿ, ನ್ಯಾಮತಿ, ಜಗಳೂರು ಮೂರೂ ಕಡೆ ಅವರ ಮಾತೇ ನಡಿಯೋದು. ಅವರು ಹೂಂ ಅಂದ್ರೆ ಆ ಮೂರು ಸ್ಟ್ಯಾಂಡಿಗೂ ನಿನ್ನ ಪೆಟ್ಟಿಗೇನೇ. ಮರ್ಯಾದಿ ಉಳ್ಸು."

"ನೀವು ಯೋಚ್ನೆನೇ ಮಾಡಬ್ಯಾಡ್ರಿ ಅಣ್ಣಾ."

ಎಂಟೂ ನಲವತ್ತಕ್ಕೆ ದಾವಣಗೆರೆ ಬಸ್ಸು. ಪೆಟ್ಟಿಗೆ ಸ್ಪಷ್ಟವಾಗಿ ಕೂಗಿತು. ಚಪ್ಪಾಳೆ ಬಿತ್ತು. ಮೂಲೆಯ ಕಲ್ಲುಬೆಂಚಿನ ಮೇಲೆ ಕೂತಿದ್ದ ಬೆನಕಪ್ಪ, ತನ್ನ ದನಿ ತನಗೇ ಕೇಳಿಸಿದಾಗ ನಾಚಿಕೊಂಡು ವಸ್ತ್ರದಿಂದ ಬಾಯಿ ಮುಚ್ಚಿಕೊಂಡ.

ಒಂಬತ್ತೂ ಐದಕ್ಕೆ ಹೊನ್ನಾಳಿ ಬಸ್ಸಿನ ಕಂಡಕ್ಟರು ಗುಂಡಿ ಒತ್ತಿದ. ಪೆಟ್ಟಿಗೆ ಒಂದು ಗಳಿಗೆ ಸುಮ್ಮನಿದ್ದು, ದನಿ ಹುಡುಕಿ ತಂದು ಕೂಗಿತು.

"ಹೊನ್ನಾಳಿ, ಹೊನ್ನಾಳಿ, ಹೊನ್ನಾಳೀ! ಡ್ರೈವರ್ ಹಿಂದಿನ ಎರಡ್ನೇ ಸೀಟಿನಾಗೆ ಯಾರೂ ಕುಂದರಬ್ಯಾಡ್ರಿ. ಕಿಟಕಿ ಮುಚ್ಚಾಕೆ ಬರಲ್ಲ. ಹೋದ ಮಳೆಗಾಲದಾಗೆ ಒಬ್ರು ಮೇಷ್ಟ್ರು ಕುಂತಿದ್ರು. ಹತ್ತುವಾಗ ಮೇಷ್ಟ್ರು, ಇಳಿಯುವಾಗ ನೆನೆಸಿದ ಅವಲಕ್ಕಿ."

ಸ್ಟ್ಯಾಂಡು ಗೊಳ್ಳೆಂದಿತು. ಪರಶುರಾಮ ಕೋಣೆಯ ಕಡೆ ಓಡಿದ. ಯಾವುದೋ ಒಂದು ತುಣುಕು ಕತ್ತರಿಸದೆ ಉಳಿದಿರಬೇಕು ಎಂದು ಸಮಾಧಾನ ಮಾಡಿಕೊಳ್ಳುವಷ್ಟರಲ್ಲಿ ಜಗಳೂರು ಬಸ್ಸು ಬಂತು. ಅದು ದುರುಗಣ್ಣನ ಸ್ವಂತ ಬಸ್ಸು. ಅವನಾಗ ಸ್ಟ್ಯಾಂಡಿನ ಬಾಗಿಲಲ್ಲಿರುವ ಚಿಕ್ಕಹನುಮಂತಪ್ಪನ ಹೋಟೆಲಿನಲ್ಲಿ ಇಡ್ಲಿಯನ್ನು ಸಾಂಬಾರಿನಲ್ಲಿ ಅದ್ದುತ್ತಿದ್ದ.

"ಜಗಳೂರು, ಜಗಳೂರು! ದಾವಣಗೆರೆ ಮ್ಯಾಲೆ ಜಗಳೂರು! ಬೋರ್ಡಿನಾಗೆ ಒಂಬತ್ತೂ ನಲವತ್ತು ಅಂತ ಬರದೈತೆ, ನಂಬಬ್ಯಾಡ್ರಿ. ದುರುಗಣ್ಣ ತಿಂಡಿ ತಿಂದು ಕೈ ತೊಳಕಂಡಾಗ ಹೊರಡ್ತೈತೆ. ಅಲ್ಲೀ ತನಕ ನೀವೂ ಒಂದು ಚಾ ಕುಡೀರಿ."

ಇಡೀ ಸ್ಟ್ಯಾಂಡು ಹೋಟೆಲಿನ ಕಡೆ ತಿರುಗಿತು. ದುರುಗಣ್ಣನ ಇಡ್ಲಿ ಸಾಂಬಾರಿನಲ್ಲಿ ಮುಳುಗಿಹೋಯಿತು. ಅವನು ಎದ್ದು ಬರುವ ಮೊದಲೇ ಪರಶುರಾಮ ಪೆಟ್ಟಿಗೆಯ ಮೆಮೊರಿ ಕಾರ್ಡಿನಲ್ಲಿದ್ದ ಆ ಮಾತನ್ನು ಅಳಿಸಿ ಎದುರು ಓಡಿದ.

"ಅಣ್ಣಾ, ತೆಗೆದು ಹಾಕಿದೀನಿ. ಇನ್ನೊಂದ್ಸಲ ಅದು ಆ ಮಾತು ಆಡಿದ್ರೆ ನನ್ನ ಕಿವಿ ಹಿಂಡ್ರಿ."

ಹತ್ತೂವರೆಗೆ ಉಬ್ರಾಣಿ ಬಸ್ಸು. ಪರಶುರಾಮ ಕಣ್ಣು ಮುಚ್ಚಿಕೊಂಡ.

"ಉಬ್ರಾಣಿ, ಉಬ್ರಾಣೀ! ಇದಕ್ಕೆ ಅಂಜಿನಪ್ಪ ಡ್ರೈವರ್ ಇದ್ದ ನೋಡ್ರಿ. ಪರೀಕ್ಷಿ ದಿನ ಹಳ್ಳಿ ತಿರುವಿನಾಗೆ ಐದು ನಿಮಿಷ ನಿಲ್ಸೋನು. ಹಾರನ್ ಹೊಡೀತಿರಲಿಲ್ಲ. ಯಾಕಪಾ ಅಂದ್ರೆ, 'ಹುಡುಗೇರು ಓಡಿ ಬರ್ತಾರೆ ಕಣಣ್ಣಾ, ಹಾರನ್ ಹೊಡೆದ್ರೆ ಓದಿದ್ದೆಲ್ಲಾ ಮರ್ತು ಹೋಗ್ತೈತೆ' ಅನ್ನೋನು."

ಈ ಸಲ ಯಾರೂ ನಗಲಿಲ್ಲ. ಹೂವಿನ ಬುಟ್ಟಿ ಮುಂದಿಟ್ಟುಕೊಂಡು ಕೂತಿದ್ದ ಸಾವಂತ್ರಮ್ಮ ಕೈಯಲ್ಲಿದ್ದ ದಾರ ಬಿಟ್ಟಳು.

"ನಾನೂ ಓಡ್ತಿದ್ದೆ ಕಣ್ರಿ" ಎಂದಳು, ಯಾರಿಗೆ ಹೇಳುತ್ತಿದ್ದೇನೆಂದು ನೋಡದೆ. "ಒಂದು ಕೈಯಾಗೆ ಚಪ್ಪಲಿ, ಒಂದು ಕೈಯಾಗೆ ಹಾಲ್ ಟಿಕೆಟ್ಟು. ಬಸ್ಸು ತಾನಾಗೇ ಕೆಟ್ಟು ನಿಂತೈತೆ ಅಂದ್ಕಂತಿದ್ವಿ. ಆ ಪುಣ್ಯಾತ್ಮ ನಮಗೋಸ್ಕರ ನಿಲ್ಸಿದ್ದು ಇವತ್ತು ಗೊತ್ತಾತು."

ಅವಳು ಸೆರಗಿನಿಂದ ಮುಖ ಒರೆಸಿಕೊಂಡು, ಒಂದು ಮೊಳ ಹೂವನ್ನು ಉಬ್ರಾಣಿ ಬಸ್ಸಿನ ಕನ್ನಡಿಗೆ ಕಟ್ಟಿ ಬಂದಳು.

ಅಲ್ಲಿಂದ ಮುಂದೆ ಸ್ಟ್ಯಾಂಡಿನ ಸ್ವರೂಪವೇ ಬದಲಾಯಿತು. ತಮ್ಮ ಬಸ್ಸು ಬಂದು ನಿಂತರೂ ಜನ ಏಳದಾದರು. "ಹೋಗ್ಲಿ ಬಿಡ್ರಿ, ಮುಂದಿನ ಬಸ್ಸಿಗೆ ಏನಂತೈತೋ ಕೇಳ್ಕಂಡು ಹೋಗಾನ" ಎಂದು ಚಕ್ಕಳಮಕ್ಕಳ ಹಾಕಿ ಕೂತರು. ಪೇಟೆಗೆ ಬಂದವರು, ಬ್ಯಾಂಕಿಗೆ ಹೊರಟವರು, ಅಡಿಕೆ ಮಂಡಿಯ ಗುಮಾಸ್ತರು ಎಲ್ಲ ಬಂದು ಸೇರಿದರು. ಬಸ್ಸುಗಳು ಖಾಲಿ ಹೊರಟವು. "ರೈಟ್ ರೈಟ್ ಅನ್ನಾಕೆ ಒಳಗೆ ಒಂದು ನೊಣಾನಾದ್ರೂ ಬ್ಯಾಡ್ವೇನ್ರಿ?" ಎಂದು ಕಂಡಕ್ಟರೊಬ್ಬ ಪರಶುರಾಮನ ಮುಂದೆ ಗೋಳಿಟ್ಟ. ಚಿಕ್ಕಹನುಮಂತಪ್ಪನ ಹೋಟೆಲಿನಲ್ಲಿ ಮಾತ್ರ ಹಾಲು ಎರಡು ಸಲ ಮುಗಿಯಿತು.

ಹನ್ನೆರಡಕ್ಕೆ ದುರುಗಣ್ಣನದೇ ಇನ್ನೊಂದು ಜಗಳೂರು ಬಸ್ಸು, ಅದಕ್ಕೂ ಅದೇ ಗುಂಡಿ. ದುರುಗಣ್ಣ ಬೇಕೆಂದೇ ಗುಂಡಿಗಳ ಪಕ್ಕದಲ್ಲಿ ಸೊಂಟದ ಮೇಲೆ ಕೈಯಿಟ್ಟು ನಿಂತ. ಕಂಡಕ್ಟರು ಗುಂಡಿ ಒತ್ತಿದ.

"...ದುರುಗಣ್ಣ ತಿಂಡಿ ತಿಂದು ಕೈ ತೊಳಕಂಡಾಗ ಹೊರಡ್ತೈತೆ..."

ಪರಶುರಾಮನಿಗೆ ಆಗ ಹೊಳೆಯಿತು. ಕಾರ್ಡಿನಿಂದ ಅಳಿಸಿದರೇನು? ಪೆಟ್ಟಿಗೆ ಬೆಳಿಗ್ಗೆಯೇ ಅದನ್ನು ತಂದು ತಲೆಯಲ್ಲಿಟ್ಟುಕೊಂಡಿತ್ತು. ಮತ್ತೆ ಹುಡುಕಲು ಹೋಗಬೇಡ ಎಂದು ಹೇಳಿಕೊಟ್ಟವನು ತಾನೇ. ಆರಿಸಿ ಮತ್ತೆ ಹಚ್ಚುವವರೆಗೆ ಅದು ಹಿಡಿದ ಮಾತು ಬಿಡುವುದಿಲ್ಲ.

ದುರುಗಣ್ಣ ಕಿವಿ ಹಿಂಡಲಿಲ್ಲ. ಅದಕ್ಕಿಂತ ಕೆಟ್ಟದಾಗಿ, ಮೆಲ್ಲಗೆ ಮಾತಾಡಿದ.

"ಪರಶುರಾಮ, ಆರೂ ಹತ್ತಕ್ಕೆ ಬೀಗ್ರ ಮುಂದೆ ಇದು ಬಸ್ಸಿನ ಹೆಸರು ಬಿಟ್ಟು ಒಂದಕ್ಷರ ಹೆಚ್ಚಿಗೆ ಆಡಬಾರದು. ಆಡ್ತೋ, ಈ ಪೆಟ್ಟಿಗೆ ತಗಂಡು ಹೋಗಿ ಕೆರೆಗೆ ಹಾಕ್ತೀನಿ. ಜೊತೆಗೆ ಯಾರು ಹೋಗ್ತಾರೆ ಅಂತ ನೀನೇ ಯೋಚ್ನೆ ಮಾಡು."

ಪರಶುರಾಮ ನೇರ ಕಲ್ಲುಬೆಂಚಿಗೆ ಹೋದ. ಬೆನಕಪ್ಪ ಎಲೆಗೆ ಸುಣ್ಣ ಹಚ್ಚುತ್ತಿದ್ದ.

"ಅಜ್ಜಾ, ಇದೇನ್ ಮಾಡಿದ್ರಿ? ಬಸ್ಸಿನ ಹೆಸರು ಕೂಗ್ರಿ ಅಂದ್ರೆ..."

"ಕೂಗಿದೀನಲ್ಲಪಾ."

"ಅದರ ಜೊತೆಗೆ ಇದೆಲ್ಲಾ ಯಾಕೆ?"

"ಹೆಸರು ಬೋರ್ಡಿನ ಮ್ಯಾಲೇ ಬರದಿರ್ತೈತೆ. ಅದನ್ನ ಓದಾಕೆ ಒಬ್ಬ ಮನುಷ್ಯ ಯಾಕೆ? ಬೋರ್ಡಿನಾಗೆ ಇಲ್ಲದ್ದನ್ನ ಹೇಳಾದಕ್ಕೇ ಬಾಯಿ ಇರಾದು." ಅಜ್ಜ ಎಲೆಯನ್ನು ಮಡಿಸಿ ಕೈಯಲ್ಲೇ ಹಿಡಿದುಕೊಂಡ. "ಎಂಟು ದಿನ ಎದುರಿಗೆ ಕುಂತು ತಲೆ ಆಡಿಸ್ತಿದ್ದೆಲ್ಲ? ಇಷ್ಟು ಆಸೆಯಿಂದ ಕೇಳೋನು ಒಬ್ಬ ಸಿಕ್ಕಿದನಲ್ಲ ಅಂತ ನಾನೂ ಹೇಳಿದೆ."

ಪರಶುರಾಮ ಹಸಿರು ಗೆರೆಯ ವಿಷಯ ನುಂಗಿಕೊಂಡು ಮಾತು ಬದಲಿಸಿದ.

"ಹೋಗ್ಲಿ, ಆರೂ ಹತ್ತರ ನ್ಯಾಮತಿ ಬಸ್ಸಿಗೆ ಏನು ಹೇಳಿದೀರಾ?"

"ಅದೆಲ್ಲಿ ನೆನಪಿರ್ತೈತೆ? ಕೂಗಿದಾಗ ತಾನಾಗೇ ಬರ್ತೈತೆ."

ಎರಡು ಗಂಟೆಯಿಂದ ಪರಶುರಾಮ ಅಂಗಡಿಯ ಬಾಗಿಲು ಹಾಕಿಕೊಂಡು ಕಂಪ್ಯೂಟರಿನ ಮುಂದೆ ಕೂತ. ಅರವತ್ತೆರಡನ್ನೂ ಒಂದೊಂದಾಗಿ ಕೇಳುವುದು, ಹೆಸರು ಉಳಿಸಿ ಮಿಕ್ಕದ್ದನ್ನು ಕತ್ತರಿಸುವುದು. ಹತ್ತು ಮುಗಿಯುವಷ್ಟರಲ್ಲಿ ಕೈ ನಿಧಾನವಾಯಿತು. ಮದುವೆ ದಿಬ್ಬಣದವರು ಮದುಮಗನನ್ನೇ ಸ್ಟ್ಯಾಂಡಿನಲ್ಲಿ ಮರೆತು ಹೋದ ಬಸ್ಸು, ರೇಷ್ಮೆಗೂಡಿನ ಮೂಟೆಗೆ ಅರ್ಧ ಟಿಕೆಟ್ ಹರಿದ ಕಂಡಕ್ಟರು, ಬ್ರೇಕು ಹಿಡಿಯದ ದಿನ ಪ್ರಯಾಣಿಕರನ್ನೇ ಇಳಿಸಿ ಅವರಿಂದ ಬಸ್ಸನ್ನು ಹಿಂದಿನಿಂದ ಎಳೆದು ಹಿಡಿಸಿದ ಡ್ರೈವರು. ತ್ಯಾವಣಿಗೆ ಬಸ್ಸಿನ ಸರದಿ ಬಂದಾಗ ಅಜ್ಜ ಅಂದಿದ್ದ: "ಸಾಲಿ ಹುಡುಗ್ರು ಇದಕ್ಕೆ ಕಾಯ್ತಾ ನನ್ನ ಜೊತಿಗೇ ಕೂಗ್ತಿದ್ವು. ನನ್ನ ದನಿ ಬಿದ್ದ ದಿನ ಅವೇ ಕೂಗಿ ಬಸ್ಸು ಹೊರಡಿಸಿದ್ವು." ಆ ಹುಡುಗರಲ್ಲಿ ತಾನೂ ಒಬ್ಬನಾಗಿದ್ದು ಪರಶುರಾಮನಿಗೆ ಇಪ್ಪತ್ತೈದು ವರ್ಷದ ಮೇಲೆ ನೆನಪಾಯಿತು. ಅದನ್ನು ಮೂರು ಸಲ ಕೇಳಿದ. ಆಮೇಲೆ ಮೂಗೊರೆಸಿಕೊಂಡು ಕತ್ತರಿಸಿದ. ಕೊನೆಗೆ ಆರೂ ಹತ್ತರ ನ್ಯಾಮತಿ ಬಸ್ಸನ್ನು ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕ. ಅದನ್ನೂ ಕತ್ತರಿಸಿದ.

ಕೇಳಿದಾಗ ತಾ ಎಂಬ ಆ ಸೋಮಾರಿ ಸಾಲಿನ ಸಹವಾಸವೇ ಬೇಡವೆಂದು ಅದನ್ನೂ ಕಿತ್ತುಹಾಕಿ, ಎಲ್ಲವನ್ನೂ ಮೊದಲೇ ಓದಿಕೋ ಎಂದು ಬರೆದ. ಹೊಸ ಕಾರ್ಡು ಹಿಡಿದು ಸ್ಟ್ಯಾಂಡಿಗೆ ಓಡಿ, ಆರಕ್ಕೆ ಐದು ನಿಮಿಷ ಇರುವಾಗ ಪೆಟ್ಟಿಗೆ ಹಚ್ಚಿದ. ಕೆಂಪು ದೀಪ ಮಿಣುಕತೊಡಗಿತು. ಹನ್ನೊಂದು ನಿಮಿಷ. ಬೆಳಗಿನಿಂದ ಹೊಟ್ಟೆಗೇನೂ ಬಿದ್ದಿಲ್ಲವೆಂದು ನೆನಪಾಗಿ, ಏನಾದರೂ ತಿಂದು ಬರಲು ಆಚೆ ಹೋದ.

ತಿರುಗಿ ಬರುವಾಗ ಕೋಣೆಯಲ್ಲಿ ಚಿಕ್ಕಹನುಮಂತಪ್ಪ ಪ್ಲಗ್ಗು ಹಿಡಿದು ನಿಂತಿದ್ದ.

"ಬಾರಪಾ. ನಿನ್ನ ಪೆಟ್ಟಿಗೆ ಸುಮ್ಕೆ ಮಿಣಕ್ ಮಿಣಕ್ ಅಂತಿತ್ತು. ನಮ್ಮ ಹೋಟ್ಲು ಟೀವಿನೂ ಹಿಂಗೇ ಮಾಡ್ತೈತೆ. ನಾಕು ಸಲ ಕಿತ್ತು ನಾಕು ಸಲ ಹಾಕಿದೀನಿ. ಈಗ ನೋಡು, ಮಿಣುಕಾದೇ ನಿಂತೈತೆ!"

ನಿಂತಿತ್ತು, ನಿಜ. ಓದುತ್ತಿದ್ದಾಗಲೇ ಕರೆಂಟು ಕಿತ್ತು ಕಾರ್ಡು ಸುಟ್ಟುಹೋಗಿತ್ತು. ಇನ್ನೊಂದು ಕಾರ್ಡು ತುಂಬಿಸಿ ತರಲು ಮುಕ್ಕಾಲು ಗಂಟೆ ಬೇಕು. ಗಡಿಯಾರದಲ್ಲಿ ಆರು ಗಂಟೆ ಏಳು ನಿಮಿಷ. ಕಿಟಕಿಯ ಸಂದಿಯಲ್ಲಿ ನೋಡಿದರೆ ಬಿಳಿ ಪಂಚೆ, ಬಿಳಿ ಅಂಗಿಯ ನ್ಯಾಮತಿ ಬೀಗರು ಕುರ್ಚಿಯ ಮೇಲೆ ಕೂತಿದ್ದಾರೆ. ಸುತ್ತ ಜಾತ್ರೆಯಷ್ಟು ಜನ. ದುರುಗಣ್ಣ ಕೈಕಟ್ಟಿ ನಿಂತಿದ್ದಾನೆ. ಕಂಡಕ್ಟರು ಗುಂಡಿಯ ಕಡೆ ನಡೆದು ಬರುತ್ತಿದ್ದಾನೆ.

ಪರಶುರಾಮ ಚಿಕ್ಕಹನುಮಂತಪ್ಪನನ್ನು ಆಚೆ ತಳ್ಳಿ ಚಿಲಕ ಹಾಕಿದ. ಕಪಾಟಿನಲ್ಲಿ ಬೆನಕಪ್ಪನ ಹಳೆಯ ಮೈಕು ಇನ್ನೂ ಇತ್ತು. ಅದರ ವೈರನ್ನು ಸ್ಪೀಕರಿಗೆ ಸಿಕ್ಕಿಸುವುದಕ್ಕೂ ಕಂಡಕ್ಟರು ಗುಂಡಿ ಒತ್ತುವುದಕ್ಕೂ ಸರಿಹೋಯಿತು.

"ನ್ಯಾಮತಿ, ನ್ಯಾಮತಿ, ನ್ಯಾಮ...ತಿ! ಹೊನ್ನಾಳಿ ಮ್ಯಾಲೆ ನ್ಯಾಮತೀ!"

ಬಾಯಿಂದ ಬಂದದ್ದು ಅಜ್ಜನ ದನಿಯೇ. ಹೈಸ್ಕೂಲಿನ ಸಂಜೆಗಳು ಎಲ್ಲಿ ಅಡಗಿದ್ದವೋ ಗಂಟಲಿಗೆ ಎದ್ದು ಬಂದವು. ಅಲ್ಲಿಗೇ ನಿಲ್ಲಿಸಬೇಕೆಂದುಕೊಂಡ. ಆದರೆ ಒಂದು ಗಂಟೆಯ ಹಿಂದಷ್ಟೇ ಕೇಳಿ ನಕ್ಕದ್ದು ನಾಲಿಗೆಯ ಮೇಲೆ ಕೂತಿತ್ತು. ಜಾರಿಬಿಟ್ಟಿತು.

"ನಾನು ಕೂಗಾಕೆ ಬಂದ ವರ್ಷ ಇದೇ ಬಸ್ಸಿಗೆ ಒಬ್ಬ ಸೀಟು ಹಿಡಿಯಾಕೆ ಕಿಟಕಿಯಾಗೆ ಟವಲ್ಲು ಹಾಕಾ ಬದ್ಲು, ಗಾಬರಿಯಾಗೆ ಕಂಕುಳಾಗಿದ್ದ ಮಗೂನೇ ಹಾಕಿಬಿಟ್ಟ. ಸೀಟು ಸಿಕ್ತು, ಬಸ್ಸು ಹೊಂಟೇ ಹೋತು, ಅಪ್ಪ ಇಲ್ಲೇ! ಇನ್ನೊಂದು ಬಸ್ಸು ಹತ್ತಿ ಹೋಗಿ ನೋಡಿದ್ರೆ, ಮಗು ಹೊನ್ನಾಳಿ ಸ್ಟ್ಯಾಂಡಿನಾಗೆ ಬತ್ತಾಸು ತಿಂತಾ ಕುಂತೈತೆ, ಟವಲ್ಲು ಮಾತ್ರ ಅಪ್ಪನ ಹೆಗಲ ಮ್ಯಾಲೇ ಐತೆ!"

ಅಷ್ಟರಲ್ಲಿ ಕಿಟಕಿಯ ಸಂದಿಯಲ್ಲಿ ಇನ್ನೊಂದು ಕಂಡಿತು. ಅದನ್ನೂ ಹೇಳಿಬಿಟ್ಟ.

"ಹಸುರು ಸೀರಿ ಅಮ್ಮಾ, ನಿಮ್ಮ ಊಟದ ಕ್ಯಾರಿಯರ್ ಬೆಂಚಿನ ಮ್ಯಾಲೇ ಬಿಟ್ಟೀರಿ, ತಗಳ್ರಿ!"

ದುರುಗಣ್ಣ ಹಲ್ಲು ಕಡಿಯುತ್ತ ಕೋಣೆಯ ಕಡೆ ಹೆಜ್ಜೆ ಇಟ್ಟ. ಆಗ ನ್ಯಾಮತಿ ಬೀಗರು ಕುರ್ಚಿಯಿಂದ ಎದ್ದರು. ಅವರ ಕಣ್ಣು ಒದ್ದೆಯಾಗಿತ್ತು.

"ಆ ಮಗು ನಾನೇ ಕಣ್ರೀ ಬೀಗ್ರೇ! ನಮ್ಮಪ್ಪ ಸಾಯೋ ತನಕ ಹೇಳಿ ಹೇಳಿ ನಗ್ತಿದ್ದ. ಆತ ಹೋದ ಮ್ಯಾಲೆ ಆ ಮಾತು ಆಡೋರೇ ಇರಲಿಲ್ಲ." ಅವರು ವಸ್ತ್ರದಿಂದ ಕಣ್ಣೊತ್ತಿಕೊಂಡು ನಕ್ಕರು. "ಬತ್ತಾಸು ಕೊಡಿಸಿದ್ದು ಹೊನ್ನಾಳಿ ಏಜೆಂಟ್ರು. ಅದರ ರುಚಿ ಇನ್ನೂ ಬಾಯಾಗೈತೆ ನಂಗೆ!"

ಸಿಳ್ಳೆ, ಚಪ್ಪಾಳೆ. ಹಸಿರು ಸೀರೆಯ ಹೆಂಗಸು ಕ್ಯಾರಿಯರ್ ಎದೆಗೊತ್ತಿಕೊಂಡು ಸ್ಪೀಕರಿಗೆ ಕೈಮುಗಿದಳು.

ಸ್ವಲ್ಪ ಹೊತ್ತಿಗೆ ಕೋಣೆಯ ಬಾಗಿಲು ಬಡಿದ ಸದ್ದಾಯಿತು. ಪರಶುರಾಮ ಮೈಕಿನ ಮೇಲೆ ಟವಲು ಮುಚ್ಚಿ ಚಿಲಕ ತೆಗೆದ. ದುರುಗಣ್ಣ ಒಳಗೆ ಬಂದವನೇ ಅವನನ್ನು ತಬ್ಬಿಕೊಂಡ.

"ಗೆದ್ದೆ ಕಣಪಾ! ಬೆಳಿಗ್ಗೆ ಬಾಯಿಗೆ ಬಂದದ್ದು ಆಡ್ತಿದ್ದ ಪೆಟ್ಟಿಗೆ, ಈಗ ಕಣ್ಣು ಬಿಟ್ಟು ನೋಡಿ ಮಾತಾಡ್ತೈತಲ್ಲೋ! ಬೀಗ್ರು ಹೂಂ ಅಂದ್ರು. ಹೊನ್ನಾಳಿ, ನ್ಯಾಮತಿ, ಜಗಳೂರು ಮೂರೂ ಕಡೆ ಬರೋ ಸೋಮವಾರನೇ ಶುರು. ಆದ್ರೆ ಒಂದು ಮಾತು: ಸಂಜಿ ಹೆಂಗೆ ಕೂಗಿತೋ ಹಂಗೇ ಕೂಗಬೇಕು. ಬಸ್ಸಿನ ಕತೆನೂ ಬೇಕು, ಕ್ಯಾರಿಯರ್ ಮರೆತೋರನ್ನ ಗುರ್ತೂ ಹಿಡೀಬೇಕು."

"ಅಣ್ಣಾ, ನಿಮಗೊಂದು ನಿಜ ಹೇಳ್ತೀನಿ. ಆಗ ಕೂಗಿದ್ದು ಮಿಷನ್ ಅಲ್ಲ..."

"ನಂಗೊತ್ತಿಲ್ವೇನೋ? ಮಿಷನ್ ಅಲ್ಲ ಅದು, ದೇವ್ರು!" ದುರುಗಣ್ಣ ಪೆಟ್ಟಿಗೆ ಮುಟ್ಟಿ ಕಣ್ಣಿಗೊತ್ತಿಕೊಂಡು ಬೀಗರನ್ನು ಬಸ್ಸು ಹತ್ತಿಸಲು ಓಡಿದ.

ಪರಶುರಾಮ ಸ್ಟೂಲಿನ ಮೇಲೆ ಕುಸಿದ. ನಾಲ್ಕು ಊರು, ನಾಲ್ಕು ಸ್ಟ್ಯಾಂಡು, ಗಂಟಲು ಒಂದೇ. ಬಾಗಿಲಲ್ಲಿ ನೆರಳು ಬಿತ್ತು. ಬೆನಕಪ್ಪ ಕೋಲೂರಿ ನಿಂತಿದ್ದ.

"ಅಜ್ಜಾ, ನಿಮ್ಮ ಕಾಲಿಗೆ ಬೀಳ್ತೀನಿ. ನೀವೇ ಬಂದು ಕುಂತ್ಕಳ್ರಿ. ನಾಳೆಯಿಂದ ನೀವೇ ಕೂಗ್ರಿ."

"ನಾನಾ? ಆಗಲ್ಲ ಬಿಡಪಾ. ಇದ್ದಬದ್ದದ್ದೆಲ್ಲಾ ಎಂಟು ದಿನ ನಿನ್ನ ಮುಂದೆ ಬಿಚ್ಚಿ ಹಗುರಾಗಿದೀನಿ. ನಲವತ್ತೈದು ವರ್ಷದ ಮ್ಯಾಲೆ ಈಗ ನೆಟ್ಟಗೆ ನಿದ್ದಿ ಬರ್ತೈತೆ." ಅಜ್ಜ ಟವಲು ಸರಿಸಿ ಮೈಕನ್ನೊಮ್ಮೆ ಸವರಿದ. "ಚೆನ್ನಾಗಿ ಕೂಗಿದೆ. ಆದ್ರೆ ನ್ಯಾಮತಿ ಅನ್ನುವಾಗ 'ಮ' ಎಳೀಬ್ಯಾಡ, 'ತಿ' ಎಳಿ. ದನಿ ಊರ ಬಾಗಿಲ ತನಕ ಹೋಗ್ತೈತೆ. ಈಗ ಒಂದು ಲೋಟ ಬಿಸಿನೀರು ಕುಡಿದು ಬೇಗ ಮಲಕ್ಕ ತಮ್ಮಾ. ಬೆಳಿಗ್ಗೆ ಐದೂವರೆಗೆ ಫಸ್ಟ್ ಬಸ್ ಐತೆ."